ಅಂಗಳದಲ್ಲಿ ನಿಂತು ಇಟ್ಟ ಹೆಸರು

ಕೆಮ್ಮು ಶುರುವಾದದ್ದು ತೊಟ್ಟಿಲು ತಯಾರಾದ ದಿನವೇ. ಬೆಳಿಗ್ಗೆ ಗಂಟಲು ಕೆರೆಯಿತು, ಮಧ್ಯಾಹ್ನಕ್ಕೆ ಒಣಕೆಮ್ಮು ಹತ್ತಿತು, ಸಂಜೆ ಹೊತ್ತಿಗೆ ಮೂಗೂ ಸೋರತೊಡಗಿತು. ಬೇರೆ ಯಾರಿಗಾದರೂ ಇದು ಒಂದು ಲೋಟ ಕಷಾಯದಲ್ಲಿ ಮುಗಿಯುವ ಮಾತು. ನನಗೆ ಕೈಕಾಲು ಆಡಲಿಲ್ಲ. ಇನ್ನು ನಾಲ್ಕು ದಿನಕ್ಕೆ, ಭಾನುವಾರ, ಯರಗುಪ್ಪಿಯಲ್ಲಿ ನನ್ನ ತಮ್ಮನ ಕೂಸಿಗೆ ಹೆಸರಿಡುವುದಿತ್ತು. ಇಡಬೇಕಾದವಳು ನಾನು.

ನಮ್ಮ ಕಡೆ ಕೂಸಿಗೆ ಹೆಸರಿಡುವ ಹಕ್ಕು ಸೋದರತ್ತೆಯದು, ಅಂದರೆ ಅಪ್ಪನ ಅಕ್ಕ ಇಲ್ಲವೇ ತಂಗಿಯದು. ಅವಳು ಕೂಸಿನ ಕಿವಿಗೆ ಬಾಯಿ ಹಚ್ಚಿ ‘ಕುರ್ರ್’ ಎಂದು ಊದಿ ಹೆಸರು ಹೇಳಬೇಕು. ಹೇಳುತ್ತಿದ್ದಂತೆ ಸುತ್ತ ನಿಂತ ಹೆಂಗಸರು ಅವಳ ಬೆನ್ನಿಗೆ ಗುದ್ದುತ್ತಾರೆ. ಹಗುರಾಗಿ ಗುದ್ದಬೇಕು ಎಂಬುದು ಪದ್ಧತಿ. ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡವರು ಜೋರಾಗಿಯೇ ಗುದ್ದುತ್ತಾರೆ. ನನ್ನ ಅವ್ವ ಇಲ್ಲ, ಅಪ್ಪ ಇಲ್ಲ, ಬೇರೆ ಅಕ್ಕತಂಗಿಯರೂ ಇಲ್ಲ. ನಮ್ಮ ಮನೆಯಿಂದ ಹೋಗುವ ಹೆಣ್ಣು ನಾನೊಬ್ಬಳೇ.

ಆ ಕೂಸು ಸುಲಭವಾಗಿ ಬಂದದ್ದಲ್ಲ. ತಮ್ಮನ ಹೆಂಡತಿಗೆ ಮೊದಲು ಎರಡು ಸಲ ಬಸಿರು ಇಳಿದುಹೋಗಿತ್ತು. ಮೂರನೆಯದು ತಿಂಗಳು ತುಂಬುವ ಮೊದಲೇ ಹುಟ್ಟಿ ಹುಬ್ಬಳ್ಳಿಯ ದವಾಖಾನೆಯ ಗಾಜಿನ ಪೆಟ್ಟಿಗೆಯಲ್ಲಿ ಬಹಳ ದಿನ ಮಲಗಿತ್ತು. ಮನೆಗೆ ಕಳಿಸುವಾಗ ಅಲ್ಲಿನ ಡಾಕ್ಟರು ಒಂದೇ ಮಾತು ಹೇಳಿದ್ದರು: ನೆಗಡಿ, ಕೆಮ್ಮು ಇದ್ದವರು ಹತ್ತಿರ ಬರಬಾರದು, ಇದರ ಎದೆ ಇನ್ನೂ ಎಳೆಯದು. ಕೂಸು ತಾಯಿಯ ತವರುಮನೆ ಯರಗುಪ್ಪಿಗೆ ಬಂದು, ಹಾಲು ಕುಡಿದು, ಕೆನ್ನೆ ತುಂಬಿಕೊಂಡ ಮೇಲೆ ಆ ಮಾತು ಎಲ್ಲರಿಗೂ ಮರೆತಿತ್ತು. ನನಗೆ ಮರೆತಿರಲಿಲ್ಲ.

ನಾನು ದನದ ಡಾಕ್ಟರು, ಕಲಘಟಗಿಯಲ್ಲಿ ಕೆಲಸ. ಬಣ್ಣದ ತೊಟ್ಟಿಲಿಗೆ ಕಲಘಟಗಿಯೇ ಹೆಸರಾದ್ದರಿಂದ ಬೀಗರು ಆ ಜವಾಬ್ದಾರಿಯನ್ನು ನನ್ನ ತಲೆಗೆ ಕಟ್ಟಿದ್ದರು. ನಾನು ದಿನಾ ಸಂಜೆ ತೊಟ್ಟಿಲು ಮಾಡುವವರ ಮನೆಮುಂದೆ ಹೋಗಿ ನಿಲ್ಲುತ್ತಿದ್ದೆ. ಕುಳಿತುಕೊಳ್ಳಿ ಎಂದರೆ ಕುಳಿತುಕೊಳ್ಳುತ್ತಿರಲಿಲ್ಲ.

“ಡಾಕ್ಟರ ಬಾಯಾರ, ನೀವು ದಿನಾ ಬಂದು ನೋಡಿದ್ರ ಬಣ್ಣಾ ಲಗೂನ ಒಣಗತೈತೇನ್ರಿ?” ಎಂದು ಬಣ್ಣ ಹಚ್ಚುವಾತ ನಗುತ್ತಿದ್ದ.

ಕೆಮ್ಮು ಬಂದ ಸಂಜೆ ನಾನು ರಸ್ತೆಯ ಆಚೆ ಬದಿಯಲ್ಲೇ ನಿಂತು ತೊಟ್ಟಿಲನ್ನು ನೋಡಿದೆ. ಕೆಂಪು, ಹಳದಿ, ಹಸಿರು, ನಾಲ್ಕೂ ಮಗ್ಗುಲಿಗೆ ಬಳ್ಳಿ ಮತ್ತು ಗಿಳಿ. ಹೊಳೆಯುತ್ತಿತ್ತು. ಮುಟ್ಟಿ ನೋಡಬೇಕೆಂದು ಜೀವ ಹಾತೊರೆಯಿತು. ಮುಟ್ಟಲಿಲ್ಲ.

ಇಷ್ಟು ಹೆದರುವುದನ್ನು ನಾನು ಎಲ್ಲಿ ಕಲಿತೆ ಎಂಬುದನ್ನು ಹೇಳಬೇಕು. ಈ ಕೆಲಸಕ್ಕೆ ಸೇರುವ ಮೊದಲು ನಾನು ಎರಡು ವರ್ಷ ಆಫ್ರಿಕಾದ ರುವಾಂಡಾದಲ್ಲಿ ಪ್ರಾಣಿವೈದ್ಯರ ಒಂದು ತಂಡದಲ್ಲಿದ್ದೆ. ಊರಲ್ಲಿ ನನಗೆ ಇವತ್ತಿಗೂ ‘ಮಂಗ್ಯಾನ ಡಾಕ್ಟರು’ ಎಂಬ ಹೆಸರಿರುವುದು ಅದಕ್ಕೇ. ಗೊರಿಲ್ಲಾಕ್ಕೆ ಬಾಲವಿಲ್ಲ, ಅದು ಮಂಗ ಅಲ್ಲ ಎಂದು ಹೇಳಿ ಹೇಳಿ ನನ್ನ ಬಾಯಿ ಸೋತಿದೆ.

ಅಲ್ಲಿನ ಜ್ವಾಲಾಮುಖಿ ಬೆಟ್ಟಗಳ ಮೇಲೆ ಬೆಟ್ಟದ ಗೊರಿಲ್ಲಾ ಎಂಬ ಉಪಪ್ರಭೇದ ಇದೆ. ಮೈತುಂಬ ಉದ್ದ ಕೂದಲು, ಚಳಿ ಮಳೆಗೆ ಹೇಳಿ ಮಾಡಿಸಿದ ಮೈ. ಇಡೀ ಭೂಮಿಯಲ್ಲಿ ಎರಡೇ ತಾವುಗಳಲ್ಲಿ ಉಳಿದಿವೆ, ಎರಡೂ ಕೂಡಿಸಿದರೆ ಸಾವಿರ ಚಿಲ್ಲರೆ. ಮೃಗಾಲಯಗಳಲ್ಲಿ ಒಂದೂ ಇಲ್ಲ. ಹಿಂದೆ ಹಿಡಿದು ತಂದವು ಬದುಕಲಿಲ್ಲ. ಬಟಾಟೆಯ ಹೊಲಗಳು ಕಾಡಿನ ಕಲ್ಲುಗೋಡೆಯ ತನಕ ಬಂದು ನಿಂತಿವೆ. ಗೋಡೆ ದಾಟಿದರೆ ಬಿದಿರು, ತುರಿಕೆ ಗಿಡ, ಕೆಸರು. ಗಂಡು ಪ್ರಾಯಕ್ಕೆ ಬಂದ ಮೇಲೆ ಬೆನ್ನು ಬೆಳ್ಳಗಾಗುತ್ತದೆ, ಕುಟುಂಬ ಅವನ ಹಿಂದೆ ನಡೆಯುತ್ತದೆ. ಹೆಣ್ಣು ಹೆರುವುದು ಸುಮಾರು ನಾಲ್ಕು ವರ್ಷಕ್ಕೊಮ್ಮೆ, ಅದೂ ಒಂದೇ ಮರಿ. ಒಂದು ಮರಿ ಸತ್ತರೆ ಆ ಜಾಗ ತುಂಬಲು ಎಷ್ಟು ಕಾಯಬೇಕು ಎಂದು ನೀವೇ ಎಣಿಸಿಕೊಳ್ಳಿ.

ಅವುಗಳ ಮೈಯೂ ನಮ್ಮ ಮೈಯೂ ಬಹಳ ದೂರದ್ದಲ್ಲ. ನಮ್ಮ ನೆಗಡಿ ಅವಕ್ಕೂ ಹತ್ತುತ್ತದೆ. ನಮಗೆ ಅದು ಮೂಗು ಒರೆಸಿಕೊಂಡರೆ ಮುಗಿಯಿತು. ಅವುಗಳ ಎದೆಗೆ ಇಳಿದರೆ ಕೊಲ್ಲುತ್ತದೆ. ಅದಕ್ಕೇ ಮುಖಕ್ಕೆ ಮಾಸ್ಕು, ದೂರದಲ್ಲೇ ನಿಲ್ಲುವ ಕಟ್ಟಪ್ಪಣೆ. ಗಂಟಲು ಕೆರೆದವರು ಆ ದಿನ ಬೆಟ್ಟ ಹತ್ತುವ ಹಾಗಿಲ್ಲ. ಗೊರಿಲ್ಲಾ ತಾನಾಗಿ ಹತ್ತಿರ ಬಂದರೆ ನಾವು ಹಿಂದೆ ಸರಿಯಬೇಕು. ಹತ್ತಿರ ಹೋಗುವ ಮೊದಲು ಗಂಟಲಲ್ಲೇ ‘ಹ್ಹ್‌ಮ್’ ಎಂದು ಒಂದು ದಪ್ಪ ಸದ್ದು ಮಾಡಬೇಕು. ಅವೂ ತಮ್ಮತಮ್ಮಲ್ಲಿ ಹಾಗೆಯೇ ಮಾಡುತ್ತವೆ. ನಾನಿದ್ದೇನೆ, ಹೆದರಬೇಡ ಎಂದು ಅದರ ಅರ್ಥ. ಮೊದಲ ದಿನ ನಾನು ಮಾಡಿದ ಸದ್ದಿಗೆ ಮುದಿ ಗಂಡೊಂದು ತಲೆಯೆತ್ತಿ ನನ್ನನ್ನು ನೋಡಿ, ಸೊಪ್ಪು ತಿನ್ನುವುದನ್ನು ಮುಂದುವರಿಸಿತು. ಅಷ್ಟಕ್ಕೇ ನಾನು ಒಂದು ವಾರ ಬೀಗಿದ್ದೆ.

ಎರಡನೆಯ ಮಳೆಗಾಲದಲ್ಲಿ ಒಂದು ಕುಟುಂಬಕ್ಕೆ ಕೆಮ್ಮು ಬಿತ್ತು. ಒಂದಾದ ಮೇಲೆ ಒಂದು ಕೆಮ್ಮತೊಡಗಿದವು. ಮನುಷ್ಯರ ಹಾಗೆಯೇ, ಎದೆ ಹಿಡಿದುಕೊಂಡು. ನಮ್ಮ ತಂಡಕ್ಕೆ ಎಲ್ಲದಕ್ಕೂ ಕೈ ಹಾಕುವ ಅಧಿಕಾರವಿಲ್ಲ. ಉರುಳಿಗೆ ಸಿಕ್ಕಿದರೆ, ಮನುಷ್ಯರಿಂದಾದ ರೋಗ ಎನಿಸಿದರೆ, ಪ್ರಾಣಕ್ಕೆ ಕುತ್ತಾದರೆ ಮಾತ್ರ ದೂರದಿಂದ ಔಷಧದ ಸೂಜಿ ಹಾರಿಸಬಹುದು. ದೊಡ್ಡವು ಚೇತರಿಸಿಕೊಂಡವು. ಎಳೆಮರಿಗಳಿಗಿರುವ ಬೆನ್ನಡಿಯ ಬಿಳಿ ಕೂದಲ ಗೊಂಚಲು ಇನ್ನೂ ಮಾಸದಿದ್ದ ಒಂದು ಮರಿ ಮಾತ್ರ ಸತ್ತುಹೋಯಿತು. ತಾಯಿ ಅದನ್ನು ಬಿಡಲಿಲ್ಲ. ಸತ್ತ ಮರಿಯನ್ನು ಎದೆಗೆ ಒತ್ತಿಕೊಂಡು ಮೂರು ಕಾಲಲ್ಲಿ ಬೆಟ್ಟ ಹತ್ತುತ್ತಿದ್ದಳು. ತಿನ್ನಲು ಕುಳಿತಾಗ ಪಕ್ಕದಲ್ಲಿ ಮಲಗಿಸಿ, ಏಳುವಾಗ ಮತ್ತೆ ಎತ್ತಿಕೊಳ್ಳುವಳು. ನಾನು ಮಾಸ್ಕು ಹಾಕಿಕೊಂಡು ದೂರ ನಿಂತಿದ್ದೆ. ಹೋಗಿ ಅವಳ ಬೆನ್ನ ಮೇಲೆ ಕೈ ಇಡಬೇಕೆಂದು ನನಗೆ ಎಷ್ಟು ಅನ್ನಿಸಿತ್ತೆಂದರೆ, ಎರಡೂ ಕೈಗಳನ್ನು ಕಿಸೆಯಲ್ಲಿ ತುರುಕಿಕೊಂಡಿದ್ದೆ.

ಆ ಕೆಮ್ಮು ಯಾರದು? ಪ್ರವಾಸಿಗನದೋ, ಕಾವಲುಗಾರನದೋ, ಸೌದೆಗೆ ಬಂದವನದೋ, ನಮ್ಮಲ್ಲೇ ಒಬ್ಬರದೋ? ಬಹಳ ಹುಡುಕಿದೆವು. ಯಾರದೆಂದು ಕೊನೆಗೂ ಗೊತ್ತಾಗಲಿಲ್ಲ. ಗೊತ್ತಾಗದ್ದೇ ನನ್ನ ಮೈಗೆ ಅಂಟಿಕೊಂಡಿತು. ಇವತ್ತಿಗೂ ಬಸ್ಸಿನಲ್ಲಿ ಯಾರಾದರೂ ಕೆಮ್ಮಿದರೆ ಎದ್ದು ನಿಲ್ಲುತ್ತೇನೆ.

ಹಾಗಾಗಿ ಕೆಮ್ಮು ಬಂದ ರಾತ್ರಿಯೇ ತಮ್ಮನಿಗೆ ಫೋನು ಮಾಡಿದೆ. “ಹೆಸರಿಡೂದು ಒಂದು ವಾರ ಮುಂದ ಹಾಕೂಣು. ಇಲ್ಲಾ, ನಾ ತೊಟ್ಟಿಲಾ ಅಷ್ಟ ಕಳಸ್ತೀನಿ.”

“ಅಕ್ಕಾ, ಮಂದಿಗೆಲ್ಲಾ ಹೇಳಿ ಆಗೇತಿ. ನೆಗಡಿ ಬಂತಂತ ಯಾರರ ಮೂಗ ಕೊಯ್ಕೋತಾರೇನ? ಸೋದರತ್ತಿ ಇದ್ದೂ ಬರಲಿಲ್ಲಂದ್ರ ಬೀಗರು ಏನಂದಾರು? ಮದಲ ಅಕಿಗೆ ಎರಡ ಹೋಗ್ಯಾವು. ನೀ ಬರಲಿಲ್ಲಂದ್ರ, ಈ ಕೂಸೂ ಉಳಿಯೂದಿಲ್ಲಂತ ಡಾಕ್ಟರ ಬಾಯಾರಿಗೆ ಗೊತ್ತೈತಿ ಅಂತಾರ.”

ಹೀಗೂ ಅನ್ನುತ್ತಾರೆ ಎಂದು ನನಗೆ ಹೊಳೆದಿರಲಿಲ್ಲ. ಹೋದರೆ ಕೂಸಿಗೆ ಕುತ್ತು, ಹೋಗದಿದ್ದರೆ ಅಪಶಕುನ. ನಾಲ್ಕು ದಿನವೂ ಕೋಣೆಯಲ್ಲಿ ಶತಪಥ ತಿರುಗಿದೆ. ಕೆಮ್ಮು ನಿಂತಿತೇ ಎಂದು ಗಂಟೆಗೊಮ್ಮೆ ಉಸಿರು ಬಿಗಿಹಿಡಿದು ನೋಡಿಕೊಳ್ಳುವುದು. ಹಾಗೆ ನೋಡಿಕೊಂಡಾಗಲೇ ಕೆಮ್ಮು ಬರುವುದು.

ಭಾನುವಾರ ತೊಟ್ಟಿಲನ್ನು ಟೆಂಪೋದಲ್ಲಿ ಹೇರಿಸಿ, ಹಗ್ಗ ಬಿಗಿಸಿ, ನಾನು ಬೇರೆ ಬಸ್ಸು ಹಿಡಿದೆ. ತೊಟ್ಟಿಲಿನ ಜೊತೆ ಕೂತು ದಾರಿಯುದ್ದಕ್ಕೂ ಅದರ ಮೇಲೆ ಕೆಮ್ಮುವ ಮನಸ್ಸಿರಲಿಲ್ಲ. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ ಯರಗುಪ್ಪಿಗೆ ಬರುವಷ್ಟರಲ್ಲಿ ಬಿಸಿಲು ಏರಿತ್ತು. ಊರಸುತ್ತಲಿನ ಎರೆಹೊಲಗಳಲ್ಲಿ ಕಡಲೆ ಕಿತ್ತು ಗುಡ್ಡೆ ಹಾಕಿದ್ದರು.

ಬೀಗರ ಮನೆಯ ಅಂಗಳ ತುಂಬ ಹೆಂಗಸರು. ಪಡಸಾಲೆಯಲ್ಲಿ ತೊಟ್ಟಿಲು ತೂಗುಹಾಕಿ ಆಗಿತ್ತು. ಗುಗ್ಗರಿಯ ಪಾತ್ರೆಯಿಂದ ಹಬೆ ಏಳುತ್ತಿತ್ತು. ನಾನು ಮಾಸ್ಕು ಏರಿಸಿಕೊಂಡು ಅಂಗಳದ ಆಚೆ ತುದಿಯಲ್ಲಿ, ಬೇವಿನ ಗಿಡದ ಕೆಳಗೆ ನಿಂತೆ. ಒಳಗೆ ಬನ್ನಿ ಎಂದರು, ಹೋಗಲಿಲ್ಲ. ಕಾಲಿಗೆ ನೀರು ಕೊಡಲು ಬಂದ ಹೆಂಗಸಿಗೆ ಅಲ್ಲೇ ಇಡಿ ಎಂದೆ. ತಂಬಿಗೆಯನ್ನು ಕೈಯಿಂದ ಕೈಗೆ ತೆಗೆದುಕೊಳ್ಳಲಿಲ್ಲ. ಆಕೆ ನನ್ನನ್ನೊಮ್ಮೆ ನೋಡಿ, ಒಳಗೆ ಹೋಗಿ ಏನೋ ಪಿಸುಗುಟ್ಟಿದಳು. ಒಬ್ಬರಿಂದ ಒಬ್ಬರಿಗೆ ಆ ಪಿಸುಮಾತು ಪಡಸಾಲೆ ಸುತ್ತಿ ಬಂತು. ಮುಖಗಳಲ್ಲಿ ಸಿಟ್ಟಿರಲಿಲ್ಲ. ಒಂದು ಥರದ ಮರುಕವಿತ್ತು. ಅದೇ ನನಗೆ ಅರ್ಥವಾಗಲಿಲ್ಲ.

ಅರ್ಥ ಮಾಡಿಸಿದ್ದು ಆ ಮನೆಯ ಹಿರಿಯಳು, ತಮ್ಮನ ಹೆಂಡತಿಯ ಅಜ್ಜಿ. ಊರೆಲ್ಲ ಆಯಿ ಎಂದು ಕರೆಯುವ ಮುದುಕಿ. ಪಡಸಾಲೆಯ ಕಂಬ ಹಿಡಿದು ನಿಂತು ಇಡೀ ಓಣಿಗೆ ಕೇಳುವಂತೆ ಕೂಗಿದಳು:

“ಯಾಕ ಅಲ್ಲೇ ನಿಂತೀಬೇ? ಹೊರಗಾಗೀಯೇನ? ಆಗಿದ್ರ ಆಗವಲ್ಲದ್ಯಾಕ. ಕೊಳ್ಳಾಗ ಲಿಂಗಾ ಕಟ್ಕೊಂಡಾವ್ರಿಗೆ ಎಲ್ಲೀ ಸೂತಕ? ನಾ ಹೊರಗಾದಾಗೆಲ್ಲಾ ಇದ ಮನ್ಯಾಗ ರೊಟ್ಟಿ ಬಡದೀನಿ, ಪೂಜಿ ಮಾಡೀನಿ. ಏನೂ ಆಗಿಲ್ಲಾ. ಬಾ ಒಳಗ, ಕೂಸಿನ್ನ ತಗೋ.”

ದೂರ ನಿಂತ ಹೆಂಗಸು, ಯಾರನ್ನೂ ಮುಟ್ಟದ ಹೆಂಗಸು. ನಮ್ಮ ಕಡೆ ಇದಕ್ಕೆ ಇರುವುದು ಒಂದೇ ಅರ್ಥ: ಮುಟ್ಟಾಗಿದ್ದಾಳೆ. ಮಾಸ್ಕನ್ನು ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ. ನನಗೆ ನಗು ಬಂತು, ಅದರ ಹಿಂದೆಯೇ ಹೆದರಿಕೆ. ಬೈದಿದ್ದರೆ ಎದುರು ನಿಲ್ಲಬಹುದಿತ್ತು. ಆಯಿ ಎಲ್ಲರ ಮುಂದೆ ನನಗಾಗಿ ಕಟ್ಟುಪಾಡನ್ನೇ ಬದಿಗೆ ಸರಿಸಿ ಬಾಗಿಲು ತೆರೆದಿದ್ದಳು. ಇಂಥ ದೊಡ್ಡ ಮನಸ್ಸಿಗೆ ಒಲ್ಲೆ ಎನ್ನುವುದು ಹೇಗೆ?

“ಅದಲ್ಲಾ ಆಯಿ, ನನಗ ಖರೇನ ಕೆಮ್ಮೈತಿ. ಕೂಸಿಗೆ ಹತ್ತತೈತಿ.”

“ಕೆಮ್ಮಂತ ಸುಳ್ಳ ಹೇಳಬ್ಯಾಡ. ಇದರಾಗ ನಾಚೂದೇನೈತಿ? ಎಲ್ಲಾರೂ ಹೆಣಮಕ್ಕಳ ಅದೀವಿಲ್ಲಿ.”

ವಿಚಿತ್ರವೆಂದರೆ, ಬೆಳಗಿನಿಂದ ನಿಲ್ಲದ ಕೆಮ್ಮು ಆ ಹೊತ್ತಿಗೆ ಸರಿಯಾಗಿ ಮಾಯವಾಗಿತ್ತು. ಬೇಕಾದಾಗ ಬಾರದ ಕೆಮ್ಮು! ನಾನು ಬೇವಿನ ಗಿಡ ಬಿಟ್ಟು ಕದಲದ್ದನ್ನು ನೋಡಿ ತಮ್ಮನ ಮಾವ ಹೊರಗೆ ಬಂದರು. ಅವರಿಗೆ ಆಗಲೇ ಮುಖ ಕೆಂಪಾಗಿತ್ತು.

“ದಿನಾ ಎಮ್ಮಿ ಹೊಟ್ಯಾಗ ಕೈ ಹಾಕ್ತೀರಿ, ನಮ್ಮ ಮನಿ ಕೂಸಿನ್ನ ಎತ್ಕೊಳ್ಳಾಕ ಏನ್ರಿ ಅಡ್ಡಿ ನಿಮಗ? ಮಂದಿ ನೋಡಾಕತ್ತಾರ.”

ನಾನು ಸಮಾಧಾನದಿಂದ ಹೇಳಬೇಕಿತ್ತು. ಸಮಾಧಾನ ನನ್ನ ಜಾಯಮಾನದಲ್ಲಿಲ್ಲ. ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ: “ಅಲ್ರೀ ಮಾವಾರ, ನಾ ಇದ್ದಲ್ಲೆ ಗೊರಿಲ್ಲಾದ ಮರಿಗೂ ಹೆಸರಿಡತಾರ್ರಿ. ಅದಕ್ಕೂ ದೊಡ್ಡ ಸಮಾರಂಭ, ಊಟಾ, ಹಾಡು, ಕುಣತಾ. ಮರಿ ಮಾತ್ರ ಮ್ಯಾಲ ಬೆಟ್ಟದಾಗ ಇರತೈತಿ, ಹೆಸರಿಡಾವ್ರು ಕೆಳಗ ಊರಾಗ ಇರತಾರ. ಯಾರೂ ಮರೀನ ಮುಟ್ಟೂದಿಲ್ಲ. ಹಂಗ ಇಡೂಣು.”

ಹೇಳಿದ್ದು ಸುಳ್ಳೇನಲ್ಲ, ಆ ದೇಶದಲ್ಲಿ ಮಕ್ಕಳಿಗೆ ಹೆಸರಿಡುವ ಪದ್ಧತಿಯನ್ನೇ ಗೊರಿಲ್ಲಾ ಮರಿಗಳಿಗೂ ನಡೆಸುತ್ತಾರೆ. ಹೆಸರಿದ್ದ ಜೀವವನ್ನು ಜನ ಮರೆಯುವುದಿಲ್ಲ, ಕಾಯುತ್ತಾರೆ ಎಂಬ ಉಪಾಯ. ಆದರೆ ಯರಗುಪ್ಪಿಯ ಅಂಗಳದಲ್ಲಿ ಅದು ಕೇಳಿಸಿದ್ದೇ ಬೇರೆ.

“ಅಂದ್ರ ನಮ್ಮ ಕೂಸು ಮಂಗ್ಯಾ ಆತೇನ್ರಿ?” ಎಂದರು ಮಾವ.

ನನ್ನ ತಮ್ಮ ತಲೆ ಮೇಲೆ ಕೈ ಹೊತ್ತುಕೊಂಡ. ಯಾರೋ ಹುಡುಗಿ ಕಿಸಕ್ಕೆಂದಳು. ಅಲ್ಲಿಂದ ಓಡಿಹೋಗಲು ನಾನು ತುದಿಗಾಲಲ್ಲಿದ್ದೆ. ಓಡಿದರೆ ಆ ಮನೆಗೆ ಮತ್ತೆ ಬರುವ ಮುಖವಿರುತ್ತಿರಲಿಲ್ಲ. ಒಳಗೆ ಹೋದರೆ ಇಷ್ಟು ಕಣ್ಣುಗಳ ನಡುವೆ ಆ ಪುಟ್ಟ ಕಿವಿಗೆ ಬಾಯಿ ಹಚ್ಚಿ ಊದಲೇಬೇಕಾಗುತ್ತಿತ್ತು. ಒಂದು ಊದು ಸಾಕು. ಬೆಟ್ಟದ ಮೇಲೆ ಮೂರು ಕಾಲಲ್ಲಿ ನಡೆಯುತ್ತಿದ್ದ ಆ ತಾಯಿ ಕಣ್ಣ ಮುಂದೆ ಬಂದಳು.

ಅಷ್ಟೊತ್ತೂ ಪಡಸಾಲೆಯ ಒಳಗೆ ಕೂಸನ್ನು ಹಿಡಿದುಕೊಂಡು ಕುಳಿತಿದ್ದ ತಮ್ಮನ ಹೆಂಡತಿ ಎದ್ದು ಹೊಸ್ತಿಲಿಗೆ ಬಂದಳು. ಅವಳು ಮಾತು ಕಡಿಮೆಯ ಹೆಣ್ಣು. ದವಾಖಾನೆಯಲ್ಲಿದ್ದಾಗಲೂ ನನ್ನ ಜೊತೆ ನಾಲ್ಕು ಮಾತು ಆಡಿದವಳಲ್ಲ. ತಂದೆಯ ಕಡೆ ನೋಡದೆ, ನೇರ ನನ್ನನ್ನೇ ನೋಡಿ ಹೇಳಿದಳು:

“ಅಕ್ಕಾರು ಅಲ್ಲಿಂದನ ಹೇಳ್ಲಿ. ಕಿವ್ಯಾಗ ನಾ ಊದತೀನಿ.”

“ಅವ್ವ ಊದೂ ಪದ್ಧತಿ ಎಲ್ಲೈತಿ?” ಎಂದು ಯಾರೋ ಅಂದರು.

“ಇದು ಆ ಗಾಜಿನ ಪೆಟ್ಟಿಗ್ಯಾಗ ಇದ್ದಾಗ ನಾನೂ ಹೊರಗ ನಿಂತು ಇದರ ಕೂಡ ಮಾತಾಡೀನಿ. ಮುಟ್ಟಾಕ ಬಿಟ್ಟಿರಲಿಲ್ಲ ನನಗ. ನನ್ನ ಮಾತು ಇದಕ್ಕ ಕೇಳಸ್ತಿತ್ತು. ಇವತ್ತೂ ಕೇಳಸ್ತೈತಿ.” ಅಷ್ಟು ಹೇಳಿ ಅವಳು ಕೂಸಿನ ಕಿವಿಯ ಮೇಲಿನ ಕುಲಾವಿ ಸರಿಸಿದಳು.

ಆಯಿ ಕಂಬ ಬಿಟ್ಟು ಕುಳಿತಳು. “ಹೆತ್ತಾಕಿ ಹೇಳಿದ ಮ್ಯಾಲ ಮುಗೀತು. ಹೇಳವಾ ನೀ,” ಎಂದಳು.

ನಾನು ಬಾಯಿ ತೆರೆದೆ. ಮೊದಲು ಹೊರಟದ್ದು ‘ಕುರ್ರ್’ ಅಲ್ಲ, ‘ಹ್ಹ್‌ಮ್’. ಬೆಟ್ಟದ ಅಭ್ಯಾಸ, ದೂರದಿಂದ ಒಂದು ಎಳೆ ಜೀವವನ್ನು ನೋಡಿದ ಕೂಡಲೇ ಗಂಟಲು ತಾನಾಗಿ ಅದನ್ನು ಹೇಳಿತು. ಯಾರಿಗೂ ತಿಳಿಯಲಿಲ್ಲ. ಆಮೇಲೆ ‘ಕುರ್ರ್’ ಎಂದೆ, ಅಂಗಳ ದಾಟಿ ಹೋಗುವಷ್ಟು ಗಟ್ಟಿಯಾಗಿ. ಅವಳು ಬಗ್ಗಿ ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದಳು. ನಾನು ಹೆಸರು ಕೂಗಿದೆ, ಅವಳು ಪಿಸುಗುಟ್ಟಿದಳು. ಮೂರು ಸಲ ಹಾಗಾಯಿತು. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅದು ಆ ಕೂಸಿನದು.

ಹೆಸರೇನೋ ಆಯಿತು, ಗುದ್ದುವವರು ಯಾರು? ಬೆನ್ನು ಅಂಗಳದಾಚೆ ಇತ್ತು, ಕೈಗಳೆಲ್ಲ ಪಡಸಾಲೆಯಲ್ಲಿದ್ದವು. ಆಯಿ ಕೋಲೂರುತ್ತ ಬಿಸಿಲಿಗಿಳಿದು ನನ್ನ ತನಕ ನಡೆದು ಬಂದಳು. ಬೇಡ ಬೇಡ ಎಂದು ನಾನು ಹಿಂದೆ ಸರಿದರೂ ಬಿಡಲಿಲ್ಲ. “ನಾ ಏನ ಕೂಸೇನ? ಎಂಬತ್ತ ದಾಟೇನಿ. ಪದ್ಧತಿ ಅಂದ್ರ ಪದ್ಧತಿ,” ಎಂದು ಬೆನ್ನಿಗೆ ಒಂದು ಬಿಟ್ಟಳು. ಜೋಳ ಬೀಸಿ ಬೀಸಿ ಗಟ್ಟಿಯಾದ ಕೈ. ಆ ಒಂದೇ ಗುದ್ದಿಗೆ ಇಷ್ಟೊತ್ತು ಅಡಗಿ ಕುಳಿತಿದ್ದ ಕೆಮ್ಮು ಹೊರಬಿತ್ತು.

ಎಂಥ ಕೆಮ್ಮು ಅದು! ಬೇವಿನ ಗಿಡಕ್ಕೆ ಕೈ ಕೊಟ್ಟು ಬಗ್ಗಿ, ಹೊಟ್ಟೆಯ ಕರುಳು ಬಾಯಿಗೆ ಬರುವ ಹಾಗೆ ಕೆಮ್ಮಿದೆ. ತಲೆಯೆತ್ತಿದಾಗ ಪಡಸಾಲೆಯ ಅಂಚಿನಲ್ಲಿದ್ದ ಹೆಂಗಸರೆಲ್ಲ ಹಿಂದೆ ಸರಿದಿದ್ದರು. ತಮ್ಮನ ಮಾವ ಬಾಯಿಗೆ ಶಲ್ಯ ಹಿಡಿದುಕೊಂಡಿದ್ದರು. ತಮ್ಮನ ಹೆಂಡತಿ ಸೆರಗಿನಿಂದ ಕೂಸಿನ ಮುಖ ಮುಚ್ಚಿ, ಎದೆಗೆ ಒತ್ತಿಕೊಂಡು, ನನಗೆ ಬೆನ್ನು ಮಾಡಿ ಒಳಗೆ ಹೊರಟಿದ್ದಳು.

ನಾಲ್ಕು ದಿನದಿಂದ ನಾನು ಬೇಡಿಕೊಂಡಿದ್ದು ಅದನ್ನೇ. ಎಲ್ಲರೂ ನನಗೆ ಹೆದರಲಿ, ಕೂಸನ್ನು ನನ್ನಿಂದ ಮರೆಮಾಡಲಿ ಎಂದು. ಈಗ ಹೆದರಿದರು. ನನಗೆ ಎದೆ ಒಡೆದಂತಾಯಿತು. ನಾನು ಆ ಕೂಸಿನ ಅತ್ತೆ, ಅದರ ಅಂಗಾಲು ಎಷ್ಟು ಮೆತ್ತಗಿದೆ ಎಂದು ಕೂಡ ನನಗೆ ಗೊತ್ತಿರಲಿಲ್ಲ. ಅತ್ತೆ. ಕೆಮ್ಮಿನ ಕಣ್ಣೀರು ಎಂದುಕೊಂಡು ಆಯಿ ತನ್ನ ಸೆರಗಿನಿಂದ ನನ್ನ ಮುಖ ಒರೆಸಿದಳು. ಗುಗ್ಗರಿಯನ್ನು ಎಲೆಯಲ್ಲಿ ಕಟ್ಟಿಸಿಕೊಂಡು ಮುಂದಿನ ಬಸ್ಸಿಗೇ ಹಿಂತಿರುಗಿದೆ.

ಕೂಸಿಗೆ ಏನೂ ಆಗಲಿಲ್ಲ. ಆಯಿಗೆ ಒಂದು ವಾರ ಮೂಗು ಸೋರಿತಂತೆ, ಅದನ್ನು ಬಿಸಿಲಿನ ತಲೆಗೆ ಕಟ್ಟಿದರು. ಏನೂ ಆಗದೇ ಇದ್ದದ್ದರಿಂದ, ಇಷ್ಟೆಲ್ಲ ರಂಪ ಬೇಕಿರಲಿಲ್ಲ ಎಂದು ಬೀಗರ ಮನೆಯಲ್ಲಿ ತೀರ್ಮಾನವಾಯಿತು. ನಾನು ವಾದಿಸಲು ಹೋಗಲಿಲ್ಲ. ನನ್ನದೇ ಸರಿ ಎಂದು ತೋರಿಸಲು ಕೂಸಿಗೆ ಕಾಯಿಲೆ ಬರಬೇಕಿತ್ತೇ?

ಕೂಸು ಈಗ ನಡೆಯುತ್ತದೆ. ತಮ್ಮನ ಮನೆ ಯಮನೂರಿನ ಹತ್ತಿರ. ರಜೆ ಸಿಕ್ಕಾಗಲೆಲ್ಲ ಹೋಗುತ್ತೇನೆ. ಮನೆಯವರು ಅದಕ್ಕೊಂದು ಆಟ ಕಲಿಸಿದ್ದಾರೆ. ನಾನು ಅಂಗಳಕ್ಕೆ ಬಂದ ಕೂಡಲೇ ಅದು ಹೊಸ್ತಿಲಲ್ಲಿ ನಿಂತು, ಕೈ ಮುಂದೆ ಚಾಚಿ ತಡೆದು, ‘ಕುರ್ರ್’ ಎನ್ನುತ್ತದೆ. ಎಲ್ಲರೂ ನಗುತ್ತಾರೆ. ನಾನು ಅಲ್ಲೇ ನಿಂತು ‘ಹ್ಹ್‌ಮ್’ ಎನ್ನುತ್ತೇನೆ. ಆಮೇಲೆ ಅದು ಬಿದ್ದು ಎದ್ದು ಓಡಿ ಬರುತ್ತದೆ.

ಈ ಮಳೆಗಾಲದ ಹೊತ್ತಿಗೆ ರುವಾಂಡಾದ ತಂಡ ನನ್ನನ್ನು ಒಂದು ತಿಂಗಳ ಮಟ್ಟಿಗೆ ಕರೆಯಿತು. ಮರಿ ಕಳೆದುಕೊಂಡ ಆ ತಾಯಿಗೆ ಮತ್ತೆ ಮರಿಯಾಯಿತೇ ಎಂದು ನಾನು ಆಗಾಗ ಕೇಳುತ್ತಲೇ ಇದ್ದೆ. ಪ್ರತಿ ಸಲವೂ ‘ಇನ್ನೂ ಇಲ್ಲ’ ಎಂಬ ಉತ್ತರ. ಅವಳನ್ನು ಕಣ್ಣಾರೆ ನೋಡಿ ಬರುವ ಆಸೆಗೆ ನಿದ್ದೆ ಬರುತ್ತಿರಲಿಲ್ಲ. ಹೊರಡುವ ಮುಂಚೆ ಕೂಸನ್ನು ನೋಡಲು ಹೋದೆ. ಹೊಸ್ತಿಲಲ್ಲಿ ನಿಂತಿತ್ತು. ಮೂಗಿನ ಎರಡೂ ಹೊಳ್ಳೆಗಳಿಂದ ಸುಂಬಳ ಸುರಿಯುತ್ತಿತ್ತು.

“ಅಕ್ಕಾರ, ದೂರ ಇರ್ರಿ, ಅದಕ್ಕ ನೆಗಡಿ ಆಗೇತಿ! ನಿಮಗ ಹತ್ತಿದ್ರ ಬೆಟ್ಟಾ ಏರಾಕ ಬಿಡೂದಿಲ್ಲ ನಿಮ್ಮನ್ನ!” ಎಂದು ಅದರ ತಾಯಿ ಒಳಗಿನಿಂದ ಕೂಗಿಕೊಂಡಳು.

ಕೂಸು ‘ಕುರ್ರ್’ ಎಂದು ಓಡಿ ಬಂತು. ಹಿಂದೆ ಸರಿಯಬೇಕಿತ್ತು. ನಿಯಮ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕೂತುಬಿಟ್ಟೆ. ಅದು ನನ್ನ ಕೊರಳಿಗೆ ಬಿದ್ದು, ಮೂಗನ್ನು ಪೂರ್ತಿಯಾಗಿ ನನ್ನ ಭುಜಕ್ಕೆ ಒರೆಸಿ, ಕಿವಿಗೆ ಬಾಯಿ ಹಚ್ಚಿ ಇನ್ನೊಮ್ಮೆ ‘ಕುರ್ರ್’ ಎಂದು ಊದಿತು.

ಮೂರನೆಯ ದಿನ ಗಂಟಲು ಕೆರೆಯಿತು. ನೆಗಡಿಯಾಗಿದೆ, ಪೂರ್ತಿ ಗುಣವಾಗುವ ತನಕ ಬರುವುದಿಲ್ಲ ಎಂದು ತಂಡಕ್ಕೆ ಬರೆದೆ. ಅಲ್ಲಿಯ ಪದ್ಧತಿಯಂತೆ, ಯಾರಿಂದ ಹತ್ತಿತು ಗೊತ್ತೇ ಎಂದು ಕೇಳಿದರು. ಈ ಸಲ ಗೊತ್ತಿತ್ತು. ನಮ್ಮ ಕೂಸಿನಿಂದ ಎಂದು ಬರೆದೆ.